ಮೇಜು ನಂಬರ್ ನಾಲ್ಕು

“ಈ ಚಕ್ರ ಯಾಕೆ ಹೀಗೆ ಸುತ್ತುತ್ತಲೇ ಇದೆ?”

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ನೋಡೋಣಪ್ಪನವರು ಈ ಪ್ರಶ್ನೆ ಕೇಳಿದ್ದು ಯಾರನ್ನೂ ಅಲ್ಲ. ಸಭಾಭವನದ ಮಹಡಿಯ ಮೇಲಿನ ಕಚೇರಿಯಲ್ಲಿ, ಅವರ ಮೇಜಿನ ಮೇಲಿದ್ದ ಕಂಪ್ಯೂಟರಿನ ಪರದೆಯ ನಟ್ಟನಡುವೆ, ಸಣ್ಣದೊಂದು ಚಕ್ರ ಗಾಣದ ಎತ್ತಿನಂತೆ ಸುತ್ತುತ್ತಿತ್ತು. ಅದಕ್ಕೆ ಒಂದು ಗಳಿಗೆ ಮೊದಲು ಪರದೆಯ ಮೂಲೆಯಲ್ಲಿ ಪುಟ್ಟದೊಂದು ಚೌಕ ಮೂಡಿ, ‘ಒಪ್ಪಿದೆ’, ‘ಇಲ್ಲ’, ‘ಪರಿಶೀಲನೆಯಲ್ಲಿದೆ’ ಎಂಬ ಮೂರು ಗುಂಡಿಗಳನ್ನು ತೋರಿಸಿತ್ತು. ನೋಡೋಣಪ್ಪನವರು ಸೊಳ್ಳೆ ಹೊಡೆಯುವಷ್ಟೇ ಸಹಜವಾಗಿ ಮೂರನೆಯದನ್ನು ಒತ್ತಿದ್ದರು. ಚಕ್ರ ಶುರುವಾದದ್ದು ಆಮೇಲೆ. ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ?

ಕಿಟಕಿಯ ಆಚೆ ಸಾಲಿನಲ್ಲಿ ನಿಂತಿದ್ದ ನಲವತ್ತು ಜನ ಅರ್ಜಿಗಳಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಅವರವರಿಗೆ ಅವರವರದೇ ಪ್ರಶ್ನೆಗಳಿದ್ದವು.

ನೋಡೋಣಪ್ಪನವರಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಅವರು ನೋಡೋಣಪ್ಪ. ಊರಿಗೆ ಇದ್ದದ್ದು ಒಂದೇ ಸಭಾಭವನ. ಅದನ್ನು ಕೇಳಿಕೊಂಡು ಬಂದವರ ಅರ್ಜಿ ತೆಗೆದುಕೊಳ್ಳುವುದು ಅವರ ಕೆಲಸ. ಯಾರು ಯಾವ ದಿನಕ್ಕೆ ಕೇಳಲಿ, ಅವರ ಬಾಯಿಂದ ಬರುವುದು ಒಂದೇ ಮಾತು: “ನೋಡೋಣ.” ಇದರಿಂದ ಅವರನ್ನು ಸೋಮಾರಿ ಎಂದುಕೊಂಡರೆ ಪಾಪ ಬಂದೀತು. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಕುರ್ಚಿಯಲ್ಲಿರುತ್ತಿದ್ದರು. ಅರ್ಜಿಗಳನ್ನು ಹೂವಿನಂತೆ ಎತ್ತಿ ಕಟ್ಟುಕಟ್ಟಿ ಇಡುತ್ತಿದ್ದರು. ಆದರೆ ಐವತ್ತೆರಡು ವರ್ಷಗಳಲ್ಲಿ ಒಬ್ಬರ ಮುಖಕ್ಕೂ ‘ಇಲ್ಲ’ ಎಂದವರಲ್ಲ. ಎಂದರೆ ಎದುರಿನವರ ಮುಖ ಸಪ್ಪಗಾಗುತ್ತದೆ, ಸಪ್ಪಗಾದ ಮುಖ ಕಂಡರೆ ಇವರಿಗೆ ಮಧ್ಯಾಹ್ನದ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹೀಗಾಗಿ ಊರಿನ ಅರ್ಧ ಜನ ಸ್ವರ್ಗವೂ ಅಲ್ಲದ ಭೂಮಿಯೂ ಅಲ್ಲದ ಜಾಗದಲ್ಲಿ, ತ್ರಿಶಂಕುವಿನ ಜೊತೆಗಾರರಾಗಿ, ತಲೆಕೆಳಗಾಗಿ ನೇತಾಡುತ್ತಿದ್ದರು.

ಮನೆಯಲ್ಲೂ ಅದೇ ಕಥೆ. ಬಚ್ಚಲುಮನೆಯ ಚಿಲಕ ಮುರಿದು ಒಂಬತ್ತು ವರ್ಷವಾಗಿತ್ತು. ಹಾಕಿಸಿ ಎಂದು ಹೆಂಡತಿ ಕೇಳಿದ ದಿನವೇ ಅವರು “ನೋಡೋಣ” ಎಂದಿದ್ದರು. ಅಂದಿನಿಂದ ಆ ಮನೆಯಲ್ಲಿ ಯಾರೇ ಸ್ನಾನಕ್ಕೆ ಹೋದರೂ ಒಳಗಿನಿಂದ ಗಟ್ಟಿಯಾಗಿ ಪದ್ಯ ಹೇಳಬೇಕು. ಪದ್ಯ ಕೇಳಿಸುತ್ತಿದ್ದರೆ ಬಾಗಿಲು ತಳ್ಳಬಾರದು. ನೋಡೋಣಪ್ಪನವರದು ಆರು ಸಾಲಿನ ಒಂದೇ ಪದ್ಯ. ಪಕ್ಕದ ಮನೆಯ ಬ್ಯಾಂಡ್ ಮಾಸ್ತರರಿಗೂ ಅದು ಕಂಠಪಾಠವಾಗಿತ್ತು.

ಅಂದು ಸಂಜೆ ಅಕ್ಕನ ಮಗಳು ಮನೆಗೆ ಬಂದವಳೇ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲೆ ದೊಪ್ಪನೆ ಇಟ್ಟಳು. ಇಪ್ಪತ್ತಾರು ವರ್ಷವಾದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿ. ಪುರಸಭೆಯ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು, ಖಾಯಂ ಆಗಿರಲಿಲ್ಲ.

“ಮಾವ, ನನ್ನ ಕೆಲಸ ಹೋಗೋ ಹಾಗಿದೆ.”

“ಯಾರೇ ತೆಗೆಯೋನು?” ಎಂದು ನೋಡೋಣಪ್ಪನವರು ಎದ್ದೇ ನಿಂತರು.

“ಅಧ್ಯಕ್ಷರು. ಸೈಟು ದಿನಕ್ಕೆ ಹತ್ತು ಸಲ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತೆ. ನೀರಿನ ಅರ್ಜಿ, ಲೈಬ್ರರಿ ಕಾರ್ಡು, ಕಸದ ಗಾಡಿ ದೂರು, ನಿಮ್ಮ ಸಭಾಭವನದ ಹಾಲ್ ಬುಕಿಂಗು, ಎಲ್ಲ ಒಂದೇ ಸರ್ವರ್ ಮೇಲೆ. ಮುಂದಿನ ವಾರ ಶುಕ್ರವಾರ ಅವರೇ ಬಂದು ಎಲ್ಲರೆದುರು ಪರೀಕ್ಷೆ ಮಾಡ್ತಾರಂತೆ. ಆವತ್ತು ನಿಂತರೆ ನಾನು ಮನೆಗೆ.”

“ಒಂದೇ ಸರ್ವರ್ ಅಷ್ಟು ಜನಕ್ಕೆ ಸಾಕಾಗುತ್ತೇನೇ?”

“ಧಾರಾಳ ಸಾಕು. ಸರ್ವರ್ ಅಂದ್ರೆ ಅತ್ತೆ ಇದ್ದ ಹಾಗೆ ಮಾವ.”

“ನನ್ನನ್ಯಾಕೆ ಎಳೀತೀಯೇ?” ಎಂದರು ಅತ್ತೆ, ಸೌಟು ಹಿಡಿದುಕೊಂಡೇ.

“ನೋಡಿ, ಅತ್ತೆ ಒಬ್ಬರೇ, ಒಲೆ ನಾಲ್ಕು. ಕುಕ್ಕರ್ ಇಟ್ಟು ಅದರ ಮುಂದೆ ಕೈಕಟ್ಟಿ ನಿಲ್ತಾರಾ? ಇಟ್ಟು ಈ ಕಡೆ ತರಕಾರಿ ಹೆಚ್ತಾರೆ, ಹಾಲಿನ ಮೇಲೊಂದು ಕಣ್ಣಿಡ್ತಾರೆ. ಸೀಟಿ ಹೊಡೀತು ಅಂದಾಗ ಹೋಗಿ ಇಳಿಸ್ತಾರೆ. ಸರ್ವರೂ ಹಾಗೇ. ಯಾವುದಕ್ಕೂ ಕಾಯಲ್ಲ. ಬಂದದ್ದನ್ನ ತಗೊಂಡು ಒಲೆ ಮೇಲಿಡುತ್ತೆ, ಮುಂದಿನದಕ್ಕೆ ಹೋಗುತ್ತೆ, ಸೀಟಿ ಕೇಳಿದಾಗ ವಾಪಸ್ ಬರುತ್ತೆ.”

ನೋಡೋಣಪ್ಪನವರ ಮುಖ ಅರಳಿತು.

“ಆದರೆ ಈಗ,” ಎಂದಳು ಪುಟ್ಟಿ, “ಯಾರೋ ಅದನ್ನ ಒಂದೇ ಕಡೆ ಹಿಡಿದು ನಿಲ್ಲಿಸ್ತಿದ್ದಾರೆ. ಅತ್ತೆಗೆ ‘ಈ ಪಾಕ ಕಲಕ್ತಾನೇ ಇರು, ಕೈ ಬಿಡಬೇಡ’ ಅಂದ ಹಾಗೆ. ಆಗ ಅನ್ನ ಸೀಯುತ್ತೆ, ಹಾಲು ಉಕ್ಕುತ್ತೆ...”

ಅಷ್ಟರಲ್ಲಿ ಹಾಲು ನಿಜವಾಗಿಯೂ ಉಕ್ಕಿತು. ಅತ್ತೆ ಪಾಠ ಕೇಳುತ್ತ ನಿಂತುಬಿಟ್ಟಿದ್ದರು. ಬಟ್ಟೆ ತಾ, ಒಲೆ ಆರಿಸು ಎಂಬ ಗಲಾಟೆಯಲ್ಲಿ ಪಾಠದ ಎರಡನೆಯ ಅರ್ಧ ನೋಡೋಣಪ್ಪನವರ ಕಿವಿಗೆ ಬೀಳದೆ ಹೊಗೆಯ ಜೊತೆ ಕಿಟಕಿಯಿಂದ ಹೊರಗೆ ಹೋಯಿತು. ಅವರ ಕೈಗೆ ಸಿಕ್ಕಿದ್ದು ಮೊದಲ ಅರ್ಧ ಮಾತ್ರ.

“ಬಂದದ್ದನ್ನ ತಗೋ, ಇಡು, ಮುಂದಕ್ಕೆ ನಡಿ! ಅಲ್ಲ ಕಣೇ, ಇಪ್ಪತ್ತೆಂಟು ವರ್ಷದಿಂದ ನಾನು ಮಾಡ್ತಿರೋದು ಇದನ್ನೇ ಅಲ್ವೇನೇ? ಹಾಗಾದ್ರೆ ನಾನು ಹುಟ್ಟಿನಿಂದಲೇ ಸರ್ವರ್ರು!”

“ನೀವು ಇಡ್ತೀರಿ ಅಷ್ಟೆ,” ಎಂದರು ಹೆಂಡತಿ, ಕಟ್ಟೆ ಒರೆಸುತ್ತ. “ಒಲೆ ಹಚ್ಚಲ್ಲ.”

ಆ ಮಾತೂ ಹೊಗೆಯ ಜೊತೆ ಹೋಯಿತು.

ಮರುದಿನ ಕಚೇರಿಗೆ ಹೋಗುವ ದಾರಿಯಲ್ಲಿ ನೋಡೋಣಪ್ಪನವರು ಆಟದ ಸಾಮಾನಿನ ಅಂಗಡಿಗೆ ನುಗ್ಗಿ ಪಂದ್ಯದ ತೀರ್ಪುಗಾರರು ಊದುವಂಥ ಒಂದು ಸೀಟಿ ಕೊಂಡರು. ನೀಲಿ ದಾರದಲ್ಲಿ ಕಟ್ಟಿ ಕುತ್ತಿಗೆಗೆ ಹಾಕಿಕೊಂಡರು. ಹತ್ತು ಗಂಟೆಗೆ ಕಿಟಕಿ ತೆರೆದವರೇ, ಯಾವತ್ತೂ ಪ್ರತಿಯೊಬ್ಬರಿಗೂ ಕಾಲು ಗಂಟೆ “ನೋಡೋಣ, ನೋಡೋಣ” ಎಂದು ಸಮಾಧಾನ ಹೇಳುತ್ತಿದ್ದವರು, ಅಂದು ಮಾತೇ ಆಡಲಿಲ್ಲ. ಅರ್ಜಿ ತೆಗೆದುಕೊಂಡರು. ಒಂದು ತುಂಡು ಕಾಗದದ ಮೇಲೆ ನಂಬರು ಬರೆದು ಕೊಟ್ಟರು.

“ಆದಾಗ ಸೀಟಿ ಊದ್ತೀನಿ. ಮುಂದಿನವರು!”

ನಲವತ್ತು ಜನರ ಸಾಲು ಇಪ್ಪತ್ತು ನಿಮಿಷದಲ್ಲಿ ಕರಗಿತು. ಮೆಟ್ಟಿಲು ಖಾಲಿ, ಪಡಸಾಲೆ ಖಾಲಿ. ಇಪ್ಪತ್ತು ವರ್ಷಗಳಿಂದ ಸಾಲಿನ ಹಿಂದೆ ಮುಚ್ಚಿಹೋಗಿದ್ದ ಗೋಡೆಯ ಬಣ್ಣ ಹಸಿರೆಂದು ಜವಾನನಿಗೆ ಅಂದು ಗೊತ್ತಾಯಿತು. ಮ್ಯಾನೇಜರ್ ಮೇಡಂ ತಮ್ಮ ಕೋಣೆಯಿಂದ ಹೊರಗೆ ಬಂದು, ಇಂದು ರಜವೋ ಏನೋ ಎಂದು ಗೋಡೆಯ ಕ್ಯಾಲೆಂಡರ್ ನೋಡಿ, ಮತ್ತೆ ನೋಡೋಣಪ್ಪನವರನ್ನು ನೋಡಿದರು.

“ಏನ್ರೀ ಮಾಡಿದ್ರಿ?”

“ವಿಧಾನ ಮೇಡಂ. ಕಾಯಬಾರದು, ಕಾಯಿಸಬಾರದು. ದೊಡ್ಡ ದೊಡ್ಡ ಸರ್ವರ್‌ಗಳೆಲ್ಲ ಹೀಗೇ ಮಾಡೋದು.”

ಆ ವಾರವಿಡೀ ನೋಡೋಣಪ್ಪನವರು ನೆಲ ಮುಟ್ಟಿ ನಡೆದದ್ದನ್ನು ಕಂಡವರಿಲ್ಲ. ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡೇ ಉಪನ್ಯಾಸ ಕೊಟ್ಟರು. ಕ್ಷೌರಿಕ ಅವರ ಮಾತಿಗೆ ಮರುಳಾಗಿ, ಒಬ್ಬರ ಅರ್ಧ ಗಡ್ಡ ಹೆರೆದು “ಆಮೇಲೆ ಕರೀತೀನಿ” ಎಂದು ಮುಂದಿನವರನ್ನು ಕೂರಿಸಿದ. ಅರ್ಧ ಗಡ್ಡದವರು ಪಶುವೈದ್ಯರು. ಅವರು ಹಾಗೇ ಆಸ್ಪತ್ರೆಗೆ ಹೋದಾಗ ನಾಯಿಗಳೆಲ್ಲ ಒಂದೇ ಸಮನೆ ಬೊಗಳಿದವಂತೆ. ಬ್ಯಾಂಡ್ ಮಾಸ್ತರರು ಬೇಲಿಯ ಆಚೆಯಿಂದಲೇ, “ಏನ್ ಸ್ವಾಮಿ, ಭಾರೀ ಹೆಸರು ಮಾಡಿಬಿಟ್ರಿ! ನಮ್ಮ ತಂಡದ ಭಾನುವಾರದ ಅರ್ಜಿ ಒಲೆ ಮೇಲೆ ಇದೆ ತಾನೇ?” ಎಂದು ಕೇಳಿದರು. “ಬೇಯ್ತಾ ಇದೆ ಮಾಸ್ತರೇ,” ಎಂದರು ನೋಡೋಣಪ್ಪನವರು. ಶುಕ್ರವಾರ ಮೇಡಂ ಸೂಚನಾಫಲಕದಲ್ಲಿ ಮೆಚ್ಚುಗೆಯ ಚೀಟಿಯೊಂದನ್ನು ಅಂಟಿಸಿದರು. ನೋಡೋಣಪ್ಪನವರು ಅದನ್ನು ಓದಲು ದಿನಕ್ಕೆ ಆರು ಸಲ ನೀರು ಕುಡಿಯುವ ನೆಪದಲ್ಲಿ ಆ ಕಡೆ ಹೋದರು.

ಈ ವೈಭವದ ನಡುವೆ ಒಂದು ಸಣ್ಣ ಸಂಗತಿ ಯಾರ ಲಕ್ಷ್ಯಕ್ಕೂ ಬರಲಿಲ್ಲ. ಸೀಟಿಯನ್ನು ಅವರು ಒಮ್ಮೆಯೂ ಊದಿರಲಿಲ್ಲ.

ಲಕ್ಷ್ಯಕ್ಕೆ ಬಂದದ್ದು ಒಬ್ಬರಿಗೆ. ಹೊಲಿಗೆ ಟೀಚರಮ್ಮ ತಮ್ಮ ಬಳಿ ಕಲಿತ ಹೆಂಗಸರು ಹೊಲಿದ ಬಟ್ಟೆಗಳ ಪ್ರದರ್ಶನಕ್ಕೆಂದು, ಇದೇ ತಿಂಗಳ ಕೊನೆಯ ಭಾನುವಾರಕ್ಕೆ, ಹನ್ನೊಂದು ವಾರದ ಹಿಂದೆಯೇ ಹಾಲ್ ಕೇಳಿದ್ದರು. ಸಿಟ್ಟಿಲ್ಲ, ಸೆಡವಿಲ್ಲ. ವಾರಕ್ಕೆರಡು ಸಲ ಬಂದು ಕಿಟಕಿಯ ಬಳಿ ನಿಂತು, “ಅಣ್ಣಾ, ನನ್ನದೇನಾಯ್ತು?” ಎನ್ನುತ್ತಿದ್ದರು. ಆ ಭಾನುವಾರಕ್ಕೆ ಆರೇ ದಿನ ಬಾಕಿ ಇರುವಾಗ, ಎರಡನೆಯ ವಾರದ ಸೋಮವಾರ, ಮತ್ತೆ ಬಂದರು.

“ನಂಬರ್ ಕೊಟ್ಟಿದೀನಲ್ಲಮ್ಮ?”

“ಕೊಟ್ಟಿದೀರಿ ಅಣ್ಣ. ನೂರಾ ಎಪ್ಪತ್ತೊಂದು. ಆದರೆ ನಾನು ಮೊದಲನೇಳಾಗಿ ಬಂದಿದ್ದೆ.”

“ನೋಡೋಣಮ್ಮ,” ಎಂದು ನೋಡೋಣಪ್ಪನವರು ಆಕೆಗೆ ಇನ್ನೊಂದು ನಂಬರು ಕೊಟ್ಟರು.

ಆ ಸೋಮವಾರವೇ ಸಾಲು ಮತ್ತೆ ಬೆಳೆಯಿತು. ಬೆಳೆದದ್ದು ಹೇಗೆ? ಹೊಸ ಅರ್ಜಿಯವರು ಹತ್ತೇ ಜನ. ಉಳಿದವರೆಲ್ಲ ಹಳೆಯ ಅರ್ಜಿ ಏನಾಯಿತೆಂದು ಕೇಳಲು ಬಂದವರು. ಕೇಳಲು ಬಂದವರಿಗೂ ವಿಧಾನದ ಪ್ರಕಾರ ನಂಬರು ಸಿಕ್ಕಿತು. ಆ ನಂಬರು ಏನಾಯಿತೆಂದು ಕೇಳಲು ಅವರು ಮಧ್ಯಾಹ್ನ ಮತ್ತೆ ಬಂದರು. ಕೆಲವರು ಬೇಗ ಆದೀತೆಂದು ಹೆಂಡತಿಯನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿದರು. ಹಸಿರು ಗೋಡೆ ಮತ್ತೆ ಕಾಣದಾಯಿತು. ಅತ್ತ ಪುರಸಭೆಯಲ್ಲಿ ಪುಟ್ಟಿಯದೂ ಅದೇ ಗೋಳು. ಸೈಟು ನಿಂತಿತೆಂದು ಜನ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಒತ್ತಿದಷ್ಟೂ ಹೊಸ ಅರ್ಜಿ ಹುಟ್ಟಿ ಸೈಟು ಇನ್ನಷ್ಟು ನಿಲ್ಲುತ್ತಿತ್ತು.

ಮಂಗಳವಾರ ಹನ್ನೊಂದೂವರೆಗೆ ಆ ಮಹಾಘಟನೆ ನಡೆಯಿತು. ಸೀಟಿಯೊಳಗೆ ಧೂಳು ಸೇರಿದೆಯೆಂದು ನೋಡೋಣಪ್ಪನವರಿಗೆ ಅನ್ನಿಸಿತು. ಕರವಸ್ತ್ರದಿಂದ ಒರೆಸಿದರು. ಒಳಗಿನ ಗುಂಡು ಆಡುತ್ತದೋ ಇಲ್ಲವೋ ನೋಡೋಣವೆಂದು ಬಾಯಿಗಿಟ್ಟು, ಮೆಲ್ಲಗೆ, ಬಹಳ ಮೆಲ್ಲಗೆ, ಉಫ್ ಎಂದರು.

ಒಳ್ಳೆಯ ಅಂಗಡಿಯ ಸೀಟಿ. ಅದಕ್ಕೆ ಮೆಲ್ಲಗೆ ಎಂಬುದು ಗೊತ್ತಿರಲಿಲ್ಲ.

ಮೆಟ್ಟಿಲ ಮೇಲಿಂದ, ಎದುರಿನ ಚಹಾದಂಗಡಿಯಿಂದ, ಸೈಕಲ್ ನಿಲ್ಲಿಸುವ ಜಾಗದಿಂದ, ಇನ್ನೂರು ಜನ ಏಕಕಾಲಕ್ಕೆ ಎದ್ದರು. ಯಾರ ನಂಬರು ಎಂದು ಸೀಟಿ ಹೇಳುವುದಿಲ್ಲವಲ್ಲ! ಪ್ರತಿಯೊಬ್ಬರಿಗೂ ಅದು ತಮ್ಮದೇ.

“ನಂದಾ? ನಂದಾ?”

“ತಳ್ಳಬೇಡ್ರೀ, ಸೀಟಿ ಊದಿದ್ದು ನನಗೆ!”

“ನಿಮ್ಮ ಹೆಸರಿಟ್ಟು ಊದಿದ್ರಾ?”

ಬ್ಯಾಂಡ್ ಮಾಸ್ತರರು ದೊಡ್ಡ ಕಹಳೆಯ ಸಮೇತ ಬಾಗಿಲಲ್ಲಿ ಸಿಕ್ಕಿಕೊಂಡರು. ಪಶುವೈದ್ಯರು ಹಾಲ್ ಕೇಳಿದ್ದ ನಾಯಿ ಪ್ರದರ್ಶನದ ಅಭ್ಯರ್ಥಿಗಳು, ಅಂದರೆ ಮೂರು ನಾಯಿಗಳು, ಮಾಸ್ತರರ ಕಾಲಿನ ನಡುವೆ ನುಗ್ಗಿ ಒಳಗೆ ಬಂದು ಮೊದಲ ಸ್ಥಾನ ಪಡೆದವು. ಮೇಡಂ ಕೋಣೆಯ ಬಾಗಿಲು ತೆರೆದವರು ತಕ್ಷಣ ಮುಚ್ಚಿಕೊಂಡರು. ನೋಡೋಣಪ್ಪನವರು ಕುರ್ಚಿಯ ಮೇಲೆ ಹತ್ತಿ ನಿಂತು, ಎರಡೂ ಕೈ ಎತ್ತಿ, ಸತ್ಯವನ್ನೇ ನುಡಿದರು:

“ಯಾರದೂ ಅಲ್ಲ! ಒರೆಸ್ತಾ ಇದ್ದೆ!”

ಸತ್ಯಕ್ಕೆ ಯಾವಾಗಲೂ ಜಯವಾಗುತ್ತದೆ ಎನ್ನುತ್ತಾರೆ. ಅಂದು ಆಗಲಿಲ್ಲ. ಸಂಜೆಯ ಹೊತ್ತಿಗೆ ಮೆಚ್ಚುಗೆಯ ಚೀಟಿ ಸೂಚನಾಫಲಕದಿಂದ ಮಾಯವಾಗಿತ್ತು. ಸೀಟಿ ಮೇಡಂ ಅವರ ಬೀರು ಸೇರಿತ್ತು.

ಬುಧವಾರ ಬೆಳಿಗ್ಗೆ ಪುಟ್ಟಿ ಕೈಯಲ್ಲಿ ಒಂದು ಕಾಗದ ಹಿಡಿದು ಸಭಾಭವನಕ್ಕೇ ಬಂದಳು. ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಗೆಲುವಿತ್ತು.

“ಸಿಕ್ಕಿತು ಮಾವ! ಸರ್ವರನ್ನ ಹಿಡಿದು ನಿಲ್ಲಿಸ್ತಿರೋದು ಯಾರು ಅಂತ ಸಿಕ್ಕಿತು. ನನಗಿಂತ ಮುಂಚೆ ಇದ್ದೋನು ಹಾಲಿನ ಪುಟ ಬರೆಯೋವಾಗ ಒಂದು ಎಡವಟ್ಟು ಮಾಡಿದಾನೆ. ಯಾರಾದರೂ ಹಾಲ್ ಕೇಳಿದರೆ ಸರ್ವರ್ ಈ ಕಚೇರಿಯ ಒಂದು ಮೇಜಿನ ಮುಂದೆ ಬಂದು ‘ಹೌದಾ, ಇಲ್ವಾ’ ಅಂತ ಕೈ ಒಡ್ಡಿ ನಿಲ್ಲುತ್ತೆ. ಉತ್ತರ ಬರೋ ತನಕ ಅಲ್ಲಾಡಲ್ಲ. ಅಷ್ಟು ಹೊತ್ತೂ ಊರಿನ ನೀರು, ಲೈಬ್ರರಿ, ಕಸ ಎಲ್ಲ ಬಂದ್. ಆ ಮೇಜಿನ ಮಹಾನುಭಾವ ಹೌದು ಅನ್ನಲ್ಲ, ಇಲ್ಲ ಅನ್ನಲ್ಲ!”

“ಯಾವ ಮೇಜು?”

“ನಂಬರ್ ನಾಲ್ಕು.”

ನೋಡೋಣಪ್ಪನವರು ಮೇಜು ಗುದ್ದಿದರು. “ನನ್ನ ಅಕ್ಕನ ಮಗಳ ಅನ್ನಕ್ಕೆ ಕಲ್ಲು ಹಾಕೋ ಆ ಸೋಮಾರಿ ಯಾರು? ತೋರಿಸು. ಅವನ ಮೈಚಳಿ ಬಿಡಿಸ್ತೀನಿ! ಒಂದು ಹೌದು, ಒಂದು ಇಲ್ಲ, ಅಷ್ಟು ಹೇಳೋಕೆ ಬಾಯಿಗೇನು ಬಂದಿದೆ ರೋಗ?”

ಕಚೇರಿಯವರೆಲ್ಲ ತಲೆ ಎತ್ತಿದರು. ಯಾವ ಮೇಜಿನ ಮೇಲೂ ನಂಬರು ಇರಲಿಲ್ಲ. “ಕೆಳಗಡೆ ಬರೆದಿರ್ತಾರೆ ಸಾರ್, ಬಡಗಿ ಮಾಡಿದಾಗಲೇ,” ಎಂದ ಜವಾನ, ಟಾರ್ಚ್ ಹಿಡಿದು. ಸರಿ, ಶೋಧ ಶುರುವಾಯಿತು. ಮುಂದೆ ಟಾರ್ಚಿನ ಜವಾನ, ಅವನ ಹಿಂದೆ ಮಂಡಿಯೂರಿ ನೋಡೋಣಪ್ಪನವರು, ಅವರ ಹಿಂದೆ ಪುಟ್ಟಿ. ಟೈಪಿಸ್ಟಮ್ಮನ ಮೇಜಿನ ಕೆಳಗೆ ಒಂಬತ್ತು ಮತ್ತು ಅವರು ಕಳೆದುಕೊಂಡಿದ್ದ ಚಪ್ಪಲಿ ಸಿಕ್ಕಿತು. ಹಳೆಯ ಗುಮಾಸ್ತರ ಮೇಜಿನ ಕೆಳಗೆ ಎರಡು. ಮೇಡಂ ಅವರ ಕೋಣೆಗೂ ನುಗ್ಗಿ, “ಕಾಲು ಸ್ವಲ್ಪ ಎತ್ತಿ ಮೇಡಂ, ಕಳ್ಳನನ್ನ ಹುಡುಕ್ತಿದೀವಿ,” ಎಂದರು ನೋಡೋಣಪ್ಪನವರು. ಅಲ್ಲಿ ಒಂದು. ಹೀಗೆ ಎಂಟು ಮೇಜು ಮುಗಿದವು. ನಾಲ್ಕು ಮಾತ್ರ ಇಲ್ಲ.

“ಕದ್ದು ಸಾಗಿಸಿದಾನೆ,” ಎಂದರು ನೋಡೋಣಪ್ಪನವರು, ಮಂಡಿ ಉಜ್ಜಿಕೊಳ್ಳುತ್ತ. “ಭಾರೀ ಖದೀಮ.”

ಜವಾನ ಕೆಮ್ಮಿದ. “ಸಾರ್... ನಿಮ್ಮದೊಂದು ಉಳಿದಿದೆ.”

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ತಾಯಿ ಕೊನೆಗೆ ನಕ್ಕಿರಬಹುದು. ನೋಡೋಣಪ್ಪನವರು ನಗಲಿಲ್ಲ. ತಮ್ಮ ಮೇಜಿನ ಕೆಳಗೆ ತೂರಿದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಕೆಂಪು ಬಣ್ಣದಲ್ಲಿ, ಬಡಗಿಯ ದಪ್ಪ ಕೈಬರಹದಲ್ಲಿ, ನಾಲ್ಕು ಅವರ ಮೂಗಿನ ಎದುರಿಗೇ ಇತ್ತು.

“ಮಾವ, ಹೊರಗೆ ಬನ್ನಿ.”

“ನೋಡೋಣ,” ಎಂದಿತು ಮೇಜಿನ ಕೆಳಗಿನ ಧ್ವನಿ.

ಅಂದು ಮಧ್ಯಾಹ್ನವೇ ಪುಟ್ಟಿ ಹಾಲಿನ ಪುಟವನ್ನು ಬಿಚ್ಚಿ ಹೊಸದಾಗಿ ಬರೆದಳು. ಇನ್ನು ಮೇಲೆ ಸರ್ವರ್ ಮೇಜಿನ ಮುಂದೆ ನಿಲ್ಲುವುದಿಲ್ಲ. ಅರ್ಜಿಯನ್ನು ಅಲ್ಲಿಟ್ಟು ತನ್ನ ದಾರಿ ಹಿಡಿಯುತ್ತದೆ. ಮೇಜಿನವರಿಗೆ ಮೂವತ್ತು ಸೆಕೆಂಡು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅರ್ಜಿದಾರರಿಗೆ ‘ಮೇಜು ನಂಬರ್ ನಾಲ್ಕು ಉತ್ತರಿಸಲಿಲ್ಲ’ ಎಂಬ ಒಕ್ಕಣೆ ಹೋಗುತ್ತದೆ. ಗುಂಡಿಗಳಲ್ಲಿ ಮೂರನೆಯದನ್ನು ಅವಳು ಕಿತ್ತುಹಾಕಿದ್ದಳು. ಸಂಜೆ ಮನೆಗೆ ಬಂದು ಮಾವನಿಗೆ ಎಲ್ಲ ವಿವರಿಸಿದಳು.

“ಇನ್ನು ನೀರು, ಲೈಬ್ರರಿ ಯಾವುದೂ ನಿಲ್ಲಲ್ಲ ಮಾವ. ಯಂತ್ರಕ್ಕೆ ನಾನು ಕಲಿಸಿದೆ. ನಿಮಗೆ ಕಲಿಸೋದು ಹೇಗೆ? ಶುಕ್ರವಾರ ಅಧ್ಯಕ್ಷರು ಪರೀಕ್ಷೆ ಮಾಡೋದು ಹಾಲಿನ ಪುಟಾನೇ. ‘ಉತ್ತರಿಸಲಿಲ್ಲ’ ಅಂತ ಬಂದ್ರೆ ನನ್ನ ಕಥೆ ಮುಗೀತು.”

“ಮೂವತ್ತು ಸೆಕೆಂಡು ಅಂದ್ರೆ ಎಷ್ಟು?”

“ನೀವು ಬಚ್ಚಲಲ್ಲಿ ಹೇಳೋ ಪದ್ಯ ಒಂದು,” ಎಂದರು ಹೆಂಡತಿ.

ಗುರುವಾರ ನೋಡೋಣಪ್ಪನವರು ಧೈರ್ಯ ಮಾಡಿ ಭಾನುವಾರದ ಏಳು ಅರ್ಜಿಗಳನ್ನು ಮುಂದಿಟ್ಟುಕೊಂಡರು. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಹಳೆಯದು, ಹೊಲಿಗೆ ಟೀಚರಮ್ಮನದು. ಅದನ್ನು ಕಂಪ್ಯೂಟರಿಗೆ ಏರಿಸಿ ‘ಒಪ್ಪಿದೆ’ ಒತ್ತಿದರು. ಹನ್ನೊಂದು ವಾರದ ಮೇಲೆ ಸಿಕ್ಕಿದ ಉತ್ತರ ಕೇಳಿ ಆಕೆ ಕಿಟಕಿಯ ಸರಳು ಹಿಡಿದು, “ಅಣ್ಣಾ, ನಿಜಾನಾ? ಬದಲಾಗಲ್ಲ ತಾನೇ?” ಎಂದು ಎರಡು ಸಲ ಕೇಳಿದರು. ಉಳಿದ ಆರನ್ನು ನೋಡೋಣಪ್ಪನವರು ಕಟ್ಟು ಕಟ್ಟಿ ಪಕ್ಕಕ್ಕಿಟ್ಟರು.

“ಒಬ್ಬರಿಗೆ ಹೌದು ಅಂದ ಮೇಲೆ ಉಳಿದವರಿಗೆ ಇಲ್ಲ ಅನ್ನಬೇಕಲ್ಲ ಮಾವ?” ಎಂದು ಪುಟ್ಟಿ ಫೋನಿನಲ್ಲಿ ಕೇಳಿದಳು.

“ಅವರಿಗೇ ಹೊಳೆಯುತ್ತೆ ಬಿಡು.”

ಸಂಜೆ ಹೆಂಡತಿ ಅವರನ್ನು ಕನ್ನಡಿಯ ಮುಂದೆ ಕೂರಿಸಿ ತಾಲೀಮು ಶುರುಮಾಡಿದರು.

“ನಾನು ಕೇಳ್ತೀನಿ, ನೀವು ಇಲ್ಲ ಅನ್ನಬೇಕು. ರೀ, ನನಗೊಂದು ಆನೆ ಬೇಕು.”

“ಇ...” ನೋಡೋಣಪ್ಪನವರ ಹಣೆಯ ಮೇಲೆ ಬೆವರೊಡೆಯಿತು. “ಇ... ಎಷ್ಟು ದೊಡ್ಡದು?”

“ಅಯ್ಯೋ! ಚಂದ್ರಲೋಕಕ್ಕೆ ಕರ್ಕೊಂಡು ಹೋಗ್ತೀರಾ?”

“ರಜ ಸಿಕ್ಕಿದ್ರೆ...”

“ಮತ್ತೊಂದು ಮದುವೆ ಆಗ್ತೀರಾ?”

“ನೋ...” ಎಂದವರು ಹೆಂಡತಿಯ ಮುಖ ನೋಡಿ ಉಳಿದದ್ದನ್ನು ನುಂಗಿದರು. ಬೇಲಿಯ ಆಚೆಯಿಂದ ಬ್ಯಾಂಡ್ ಮಾಸ್ತರರು, “ಸ್ವಾಮಿ, ಅದಕ್ಕಾದ್ರೂ ಇಲ್ಲ ಅನ್ನಿ! ಜೀವ ಉಳಿಯುತ್ತೆ!” ಎಂದು ಕೂಗಿ ಹೇಳಿದರು.

ಶುಕ್ರವಾರ ಹನ್ನೊಂದು ಗಂಟೆಗೆ ಅಧ್ಯಕ್ಷರು ಪರಿವಾರ ಸಮೇತ ಬಂದರು. ಕಚೇರಿಯ ಗೋಡೆಗೆ ದೊಡ್ಡ ಪರದೆ ಕಟ್ಟಿದ್ದರು. ಬ್ಯಾಂಡ್ ಮಾಸ್ತರರು, ಈಗ ಪೂರ್ತಿ ಗಡ್ಡ ಹೆರೆಸಿಕೊಂಡಿದ್ದ ಪಶುವೈದ್ಯರು, ಮೂಲೆಯಲ್ಲಿ ಟೀಚರಮ್ಮ, ಎಲ್ಲ ನೆರೆದಿದ್ದರು. ಪುಟ್ಟಿ ಗೋಡೆಗೊರಗಿ ಉಗುರು ಕಚ್ಚುತ್ತಿದ್ದಳು. ನೀರಿನ ಪುಟ ತೆರೆದರು, ಓಡಿತು. ಲೈಬ್ರರಿಯ ಪುಟ ತೆರೆದರು, ಅದೂ ಓಡಿತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

“ಈಗ ಹಾಲು. ನಾನೇ ಕೇಳ್ತೀನಿ. ಹೌದೋ ಇಲ್ಲವೋ, ಅರ್ಧ ನಿಮಿಷದಲ್ಲಿ ನನಗೆ ಉತ್ತರ ಬರಬೇಕು. ಬಂತು ಅಂದ್ರೆ ಈ ಹುಡುಗಿ ಕೆಲಸ ಈ ಕ್ಷಣದಿಂದ ಖಾಯಂ. ಎಲ್ಲರೂ ಸಾಕ್ಷಿ. ಬರಲಿಲ್ಲ ಅಂದ್ರೆ ಅದಕ್ಕೂ ಸಾಕ್ಷಿ.”

ಚಪ್ಪಾಳೆ ಬಿತ್ತು. ಅಧ್ಯಕ್ಷರು ತಮ್ಮ ಫೋನಿನಲ್ಲಿ ಟೈಪು ಮಾಡಿದ್ದು ದೊಡ್ಡ ಪರದೆಯ ಮೇಲೆ ಒಂದೊಂದೇ ಅಕ್ಷರವಾಗಿ ಮೂಡಿತು. ಕಾರ್ಯಕ್ರಮ: ಅಧ್ಯಕ್ಷರ ಅರವತ್ತನೆಯ ಹುಟ್ಟುಹಬ್ಬ. ದಿನ: ಈ ಭಾನುವಾರ.

ಮೂಲೆಯಲ್ಲಿ ಟೀಚರಮ್ಮ ಸೆರಗನ್ನು ಬಾಯಿಗಿಟ್ಟುಕೊಂಡರು.

ಅಧ್ಯಕ್ಷರು ಗುಂಡಿ ಒತ್ತಿದರು. ಮೇಜು ನಂಬರ್ ನಾಲ್ಕರ ಪರದೆಯ ಮೂಲೆಯಲ್ಲಿ ಪುಟ್ಟ ಚೌಕ ಮೂಡಿತು. ಎರಡೇ ಗುಂಡಿ. ನೋಡೋಣಪ್ಪನವರ ಬೆರಳು ಅಭ್ಯಾಸಬಲದಿಂದ ಮೂರನೆಯದರ ಜಾಗಕ್ಕೆ ಹೋಗಿ ಬಯಲನ್ನು ಒತ್ತಿತು. ದೊಡ್ಡ ಪರದೆಯ ಮೇಲೆ ಚಕ್ರ ಸುತ್ತತೊಡಗಿತು.

ಅವರು ಮನಸ್ಸಿನಲ್ಲೇ ಪದ್ಯ ಹಿಡಿದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಮೇಡಂ ಅಧ್ಯಕ್ಷರ ಬೆನ್ನ ಹಿಂದಿನಿಂದ ಎರಡೂ ಹುಬ್ಬು ಕುಣಿಸಿ ‘ಒಪ್ಪಿ, ಒಪ್ಪಿ’ ಎಂದರು. ಎರಡನೆಯ ಸಾಲಿಗೆ ಅಧ್ಯಕ್ಷರು ತಮ್ಮ ಹುಟ್ಟುಹಬ್ಬಕ್ಕೆ ಯಾರ್‍ಯಾರು ಬರುತ್ತಾರೆಂದು ಪಕ್ಕದವರಿಗೆ ಹೇಳತೊಡಗಿದರು. ಮೂರನೆಯ ಸಾಲು ಉದ್ದದ್ದು. ಅಷ್ಟೂ ಹೊತ್ತು ನೋಡೋಣಪ್ಪನವರು ಟೀಚರಮ್ಮನ ಕಡೆ ನೋಡಲಿಲ್ಲ, ಆದರೂ ಕಾಣುತ್ತಿತ್ತು. ನಾಲ್ಕನೆಯ ಸಾಲಿಗೆ ಪುಟ್ಟಿ ಉಗುರು ಕಚ್ಚುವುದನ್ನು ಬಿಟ್ಟು ಕಣ್ಣು ಮುಚ್ಚಿದಳು. ಐದನೆಯ ಸಾಲಿನಲ್ಲಿ ಬ್ಯಾಂಡ್ ಮಾಸ್ತರರ ತುಟಿಯೂ ಅಲ್ಲಾಡುತ್ತಿತ್ತು. ಅವರೂ ಅದೇ ಪದ್ಯ ಹೇಳುತ್ತಿದ್ದರು. ಆರನೆಯ ಸಾಲಿನ ಕೊನೆಯ ಪದ ಇನ್ನೂ ಬಾಕಿ ಇತ್ತು.

ನೋಡೋಣಪ್ಪನವರು ಕಣ್ಣು ತೆರೆದುಕೊಂಡೇ ಒತ್ತಿದರು.

ಚಕ್ರ ನಿಂತಿತು. ದೊಡ್ಡ ಪರದೆಯ ಮೇಲೆ, ಮೂರು ಗೇಣು ಅಗಲದ ಅಕ್ಷರಗಳಲ್ಲಿ, ಉತ್ತರ ಬಂತು: ‘ಇಲ್ಲ. ಆ ದಿನ ಹಾಲ್ ಬೇರೆಯವರಿಗೆ ಕೊಟ್ಟಾಗಿದೆ.’

ಜವಾನ ಗಡಿಯಾರ ನೋಡಿ, ತನ್ನನ್ನು ಯಾರೂ ಕೇಳದಿದ್ದರೂ, “ಇಪ್ಪತ್ತೊಂಬತ್ತು ಸೆಕೆಂಡು,” ಎಂದ. ಆಮೇಲೆ ಬ್ಯಾಂಡ್ ಮಾಸ್ತರರು ಚಪ್ಪಾಳೆ ತಟ್ಟಿದರು. ಅವರ ಹಿಂದೆ ಪಶುವೈದ್ಯರು, ಅವರ ಹಿಂದೆ ಉಳಿದವರೆಲ್ಲ. ಅಧ್ಯಕ್ಷರು ಸಾಕ್ಷಿಗಳ ಕಡೆಗೊಮ್ಮೆ ಕಣ್ಣು ಹಾಯಿಸಿದರು. ತಾವೇ ಕರೆದ ಸಾಕ್ಷಿಗಳು. ಬಲವಂತವಾಗಿ ನಕ್ಕು ಪುಟ್ಟಿಯ ಕಾಗದಕ್ಕೆ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹ್ಯಾಗೆ ಹಾಕಬೇಕೆಂಬುದು ಮಾತ್ರ ಅವರಿಗೆ ಎರಡು ಸಲ ಮರೆಯಿತು.

ಆಮೇಲೆ ಅವರು ಮೆಲ್ಲನೆ ಮೇಜು ನಂಬರ್ ನಾಲ್ಕರ ಹತ್ತಿರ ಬಂದು, ಬಗ್ಗಿ, ಧ್ವನಿ ತಗ್ಗಿಸಿದರು.

“ಅದು ಪರೀಕ್ಷೆ ಆಯ್ತಲ್ರೀ, ಮುಗೀತು. ಈಗ ನಮ್ಮ ನಮ್ಮಲ್ಲಿ. ಕಾರ್ಡು ಎಲ್ಲ ಹಂಚಿಬಿಟ್ಟಿದೀನಿ. ಭಾನುವಾರ ಏನಾದರೂ ದಾರಿ ಇದೆಯಾ?”

ನೋಡೋಣಪ್ಪನವರು ಬಾಯಿ ತೆರೆದರು. ಕಚೇರಿಯವರೆಲ್ಲ ಕಿವಿ ನಿಮಿರಿಸಿದರು. ಇಪ್ಪತ್ತೆಂಟು ವರ್ಷಗಳಿಂದ ಆ ಬಾಯಿಂದ ಏನು ಬರುತ್ತದೆಂದು ಅವರಿಗೆ ಗೊತ್ತಿತ್ತು.

“ಹೌದು ಅನ್ನದಿದ್ರೂ ಪರವಾಗಿಲ್ಲ,” ಎಂದರು ಅಧ್ಯಕ್ಷರು, ಇನ್ನಷ್ಟು ಬಗ್ಗಿ, ಬೇಡುವ ದನಿಯಲ್ಲಿ. “ಮನೆಗೆ ಹೋಗಿ ಹೇಳೋಕೆ ಏನಾದ್ರೂ ಬೇಕಲ್ಲ. ‘ನೋಡೋಣ’ ಅಂತಾದ್ರೂ ಅನ್ರೀ.”

“ಆಗಲ್ಲ ಸಾರ್,” ಎಂದರು ನೋಡೋಣಪ್ಪನವರು. “ಮುಂದಿನವರು!”